ವಿದೇಶಿ ಮಾರುಕಟ್ಟೆಗೆ ಹೊರಟ ಸ್ಟಾರ್ಟಪ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಐದು ಜನರ ಸಾಫ್ಟ್‌ವೇರ್ ಕಂಪನಿ. ರಾಜ್ಯದ ನಿಯೋಗದ ಜೊತೆ ಯುರೋಪಿನ ತಂತ್ರಜ್ಞಾನ ಮೇಳಕ್ಕೆ ಹೋಗುವ ಅವಕಾಶ ಬಂದಿದೆ. ಖರ್ಚು ಸರ್ಕಾರ ಕೊಡುತ್ತದೆಯೇ?
— ಓದುಗರೊಬ್ಬರು, ಮೈಸೂರು

ಉತ್ತರ: ಕೊಡುತ್ತದೆ, ಆದರೆ ಪೂರ್ತಿ ಅಲ್ಲ, ಮುಂಗಡವೂ ಅಲ್ಲ. ಕರ್ನಾಟಕದ ಸ್ಟಾರ್ಟಪ್ ನೀತಿಯಲ್ಲಿ ವಿದೇಶಿ ಮೇಳಗಳ ಪ್ರಚಾರ ವೆಚ್ಚಕ್ಕೆ, ಪ್ರಯಾಣವೂ ಸೇರಿ, 30% ಮರುಪಾವತಿ ಇಟ್ಟಿದ್ದಾರೆ. ಗರಿಷ್ಠ ₹5 ಲಕ್ಷ. ನೀತಿ ಬದಲಾದಂತೆ ಮಿತಿಯೂ ಬದಲಾಗುತ್ತದೆ, ಆದ್ದರಿಂದ ನಿಮ್ಮ ಬಿಲ್ಲಿನ ದಿನಾಂಕಕ್ಕೆ ಯಾವ ಆದೇಶ ಅನ್ವಯಿಸುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ಮಳಿಗೆಗೆ 3 ಲಕ್ಷ, ಇಬ್ಬರ ವಿಮಾನ-ವಸತಿಗೆ 4 ಲಕ್ಷ ಎಂದಿಟ್ಟುಕೊಂಡರೆ ವಾಪಸ್ ಬರುವುದು ಹೆಚ್ಚೆಂದರೆ 2.1 ಲಕ್ಷ. ಅದೂ ಕಡತ ಮೇಜಿನಿಂದ ಮೇಜಿಗೆ ಸಾಗಿ ಮಂಜೂರಾದ ಮೇಲೆ. ಅಲ್ಲಿಯವರೆಗೆ ಪೂರ್ತಿ 7 ಲಕ್ಷ ನಿಮ್ಮ ಖಾತೆಯಿಂದಲೇ ಹೋಗಿರುತ್ತದೆ. ಸಂಬಳದ ದುಡ್ಡಿಗೆ ಕೈ ಹಾಕಿ ಹೋಗುವಂತಿದ್ದರೆ ಈ ವರ್ಷ ಬಿಡಿ.

ಅರ್ಜಿ ಬೀಳುವುದು ಸಣ್ಣಪುಟ್ಟ ಕಾರಣಕ್ಕೆ. ಟಿಕೆಟ್ ಸಂಸ್ಥಾಪಕರ ಸ್ವಂತ ಕಾರ್ಡಿನಲ್ಲಿ ತೆಗೆದಿರುತ್ತದೆ, ಹೋಟೆಲ್ ಬಿಲ್ಲಿನಲ್ಲಿ ಕಂಪನಿಯ ಹೆಸರಿರುವುದಿಲ್ಲ, ಬೋರ್ಡಿಂಗ್ ಪಾಸ್ ಕಸದ ಬುಟ್ಟಿ ಸೇರಿರುತ್ತದೆ. ಎಲ್ಲ ಬಿಲ್ಲೂ ಕಂಪನಿಯ ಹೆಸರಿನಲ್ಲಿ, ಎಲ್ಲ ಪಾವತಿಯೂ ಕಂಪನಿಯ ಖಾತೆಯಿಂದ ಆಗಲಿ. ರಾಜ್ಯ ಸರ್ಕಾರದ ಸ್ಟಾರ್ಟಪ್ ಕರ್ನಾಟಕ ಯೋಜನೆಯಲ್ಲಿ ನೋಂದಣಿ ಖರ್ಚಿಗೆ ಮೊದಲೇ ಮುಗಿದಿರಲಿ. ಒಂದೇ ಬಿಲ್ಲನ್ನು ರಾಜ್ಯಕ್ಕೂ ಕೇಂದ್ರದ ಯೋಜನೆಗೂ ಕೊಡಬೇಡಿ.

ನಮ್ಮ ಲೆಕ್ಕದಲ್ಲಿ ನಿಯೋಗದ ಬೆಲೆ ಇರುವುದು ಈ 30%ರಲ್ಲಿ ಅಲ್ಲ, ಪರಿಚಯದಲ್ಲಿ. ರಾಜ್ಯ 2017ರಲ್ಲಿ ಆರಂಭಿಸಿದ ಗ್ಲೋಬಲ್ ಇನ್ನೊವೇಷನ್ ಅಲಯನ್ಸ್ (ಹೊರದೇಶಗಳೊಂದಿಗಿನ ತಂತ್ರಜ್ಞಾನ ಸಹಕಾರದ ಒಕ್ಕೂಟ) ಮೂಲಕ ಹೋದವರಿಗೆ ಅಲ್ಲಿನ ಸರ್ಕಾರಿ ಸಂಸ್ಥೆಗಳ ಬಾಗಿಲು ತೆರೆದಿರುತ್ತದೆ. ಯಾರನ್ನು ಕಾಣಬೇಕು ಎಂಬ ಹತ್ತು ಹೆಸರಿನ ಪಟ್ಟಿಯನ್ನು ಆರು ವಾರ ಮೊದಲೇ ಸಂಘಟಕರಿಗೆ ಕೊಡಿ. ಕೊಡದೆ ಹೋದವರು ಗುಂಪು ಫೋಟೊ ತೆಗೆಸಿಕೊಂಡು ಬರುತ್ತಾರೆ.

ಪ್ರಶ್ನೆ: ಜರ್ಮನಿಯ ಮೇಳಕ್ಕೆ ನಮ್ಮ ಸೆನ್ಸರ್ ಉಪಕರಣದ ಆರು ಮಾದರಿ ಒಯ್ಯಬೇಕು. ಸೂಟ್‌ಕೇಸಿನಲ್ಲೇ ಹಾಕಿಕೊಂಡು ಹೋದರೆ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹಾಗೆ ಹೋದವರು ಸಿಕ್ಕಿಬೀಳುವುದು ಹೆಚ್ಚಾಗಿ ವಾಪಸ್ ಬರುವಾಗ: ನಿಮ್ಮದೇ ಸಾಮಾನಿಗೆ ಆಮದು ಸುಂಕ ಕೇಳುತ್ತಾರೆ. ಇದಕ್ಕೆ ಎಟಿಎ ಕಾರ್ನೆಟ್ ಎಂಬ ದಾಖಲೆ ಇದೆ. ಭಾರತದಲ್ಲಿ ವಾಣಿಜ್ಯೋದ್ಯಮ ಸಂಘಗಳ ಒಕ್ಕೂಟವಾದ ಫಿಕ್ಕಿ ಕೊಡುತ್ತದೆ, ಅವಧಿ ಒಂದು ವರ್ಷ. ಪ್ರತಿ ಮಾದರಿಯ ಸೀರಿಯಲ್ ನಂಬರ್, ಬೆಲೆ, ತೂಕದ ಪಟ್ಟಿ ಬೇಕು, ಭದ್ರತಾ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿಯೂ ಬೇಕು. ಸುಂಕವಿಲ್ಲದೆ ಒಯ್ದು, ಸುಂಕವಿಲ್ಲದೆ ತರಬಹುದು. ಅಲ್ಲಿ ಮಾರುವಂತಿಲ್ಲ, ಯಾರಿಗೂ ಕೊಟ್ಟು ಬರುವಂತಿಲ್ಲ. ಕರಪತ್ರ, ಪೆನ್ನಿನಂಥ ಹಂಚಿ ಮುಗಿಸುವ ವಸ್ತು ಇದರಲ್ಲಿ ಸೇರದು.

ಎಡವುವುದು ಮುದ್ರೆಯಲ್ಲಿ. ಇಲ್ಲಿಂದ ಹೊರಡುವಾಗ, ಅಲ್ಲಿ ಇಳಿದಾಗ, ಅಲ್ಲಿಂದ ಹೊರಡುವಾಗ, ಇಲ್ಲಿ ಇಳಿದಾಗ ಹೀಗೆ ನಾಲ್ಕು ಕಡೆ ಕಸ್ಟಮ್ಸ್ ಮುದ್ರೆ ಬೀಳಬೇಕು. ರಾತ್ರಿ ವಿಮಾನದ ಗಡಿಬಿಡಿಯಲ್ಲಿ ಮೂರನೆಯದು ತಪ್ಪಿತೆನ್ನಿ, ಸಾಮಾನು ಅಲ್ಲೇ ಉಳಿದಿದೆ ಎಂದು ತಿಂಗಳುಗಳ ನಂತರ ಸುಂಕದ ನೋಟಿಸ್ ಬರುತ್ತದೆ. ವಿಮಾನ ನಿಲ್ದಾಣಕ್ಕೆ ಒಂದೆರಡು ಗಂಟೆ ಮೊದಲೇ ಹೋಗಿ.

ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು. 100 ಮೀರಿ 160 ವ್ಯಾಟ್-ಅವರ್‌ವರೆಗಿನದಕ್ಕೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಸಿಇ ಗುರುತು (ಯುರೋಪಿನ ನಿಯಮಗಳಿಗೆ ಹೊಂದುತ್ತದೆ ಎಂಬ ಮುದ್ರೆ) ಇನ್ನೂ ಸಿಗದ ಉಪಕರಣವನ್ನು ಮೇಳದಲ್ಲಿ ತೋರಿಸಬಹುದು, ಆದರೆ ‘ನಿಯಮಕ್ಕೆ ಹೊಂದುವವರೆಗೆ ಮಾರಾಟಕ್ಕಿಲ್ಲ’ ಎಂಬ ಫಲಕ ಎದ್ದು ಕಾಣುವಂತೆ ಇರಲಿ.

ಪ್ರಶ್ನೆ: ಅಮೆರಿಕದ ಗ್ರಾಹಕರ ಬಿಲ್ಲಿಗೆ ಜಿಎಸ್‌ಟಿ ಹಾಕಬೇಕೆ?
— ಓದುಗರೊಬ್ಬರು, ಮಂಗಳೂರು

ಉತ್ತರ: ನಿಮ್ಮ ಸೇವೆ ರಫ್ತಿನ ವ್ಯಾಖ್ಯೆಗೆ ಹೊಂದಿ, ಹಣ ವಿದೇಶಿ ವಿನಿಮಯದಲ್ಲಿ ಬರುತ್ತಿದ್ದರೆ ಬೇಡ. ಆದರೆ ಅದಕ್ಕೆ ಮೊದಲು ಜಿಎಸ್‌ಟಿ ಪೋರ್ಟಲಿನಲ್ಲಿ ಆರ್‌ಎಫ್‌ಡಿ-11 ನಮೂನೆಯಲ್ಲಿ ಎಲ್‌ಯುಟಿ, ಅಂದರೆ ತೆರಿಗೆ ಕಟ್ಟದೆ ರಫ್ತು ಮಾಡಲು ಬರೆದುಕೊಡುವ ಮುಚ್ಚಳಿಕೆ, ಸಲ್ಲಿಸಿರಬೇಕು. ಶುಲ್ಕವಿಲ್ಲ. ಆರ್ಥಿಕ ವರ್ಷ ಮುಗಿದೊಡನೆ ಅದೂ ಮುಗಿಯುತ್ತದೆ. ಏಪ್ರಿಲ್‌ನ ಮೊದಲ ಬಿಲ್ಲಿನಲ್ಲಿ ಮರೆಯುವವರೇ ಜಾಸ್ತಿ. ಅಲ್ಲಿನ ಗ್ರಾಹಕರು ಡಬ್ಲ್ಯು-8ಬೆನ್-ಇ ನಮೂನೆ (ನಿಮ್ಮದು ವಿದೇಶಿ ಕಂಪನಿ ಎಂದು ಅಮೆರಿಕದ ತೆರಿಗೆಗಾಗಿ ಕೊಡುವ ಘೋಷಣೆ) ಕೇಳಿದರೆ ತಕ್ಷಣ ತುಂಬಿ ಕೊಡಿ, ಇಲ್ಲವಾದರೆ 30% ತೆರಿಗೆ ಹಿಡಿದುಕೊಂಡು ಉಳಿದದ್ದನ್ನು ಕಳಿಸಿಯಾರು.

ಪ್ರಶ್ನೆ: ಹೊಸ ಕಂಪನಿಗಳಿಗೆ ನೆಲೆ ಒದಗಿಸುವ ವಿದೇಶದ ಇನ್‌ಕ್ಯುಬೇಟರ್ ಒಂದು ನಮಗೆ ಜಾಗ ಕೊಡಲು ಒಪ್ಪಿದೆ, ಆದರೆ ಅಲ್ಲಿ ಅಂಗಸಂಸ್ಥೆ ತೆರೆಯಿರಿ ಎನ್ನುತ್ತಿದೆ. ತೆರೆಯಬಹುದೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಮೊದಲ ಒಂದೆರಡು ಗ್ರಾಹಕರಿಗೆ ಬೆಂಗಳೂರಿನಿಂದಲೇ ಬಿಲ್ ಕಳಿಸಿದರೆ ನಡೆಯುತ್ತದೆಯೇ ನೋಡಿ. ಅಲ್ಲಿನ ಕಂಪನಿ ಬೇಕೇ ಬೇಕು ಎಂದು ಗ್ರಾಹಕರು ಬರವಣಿಗೆಯಲ್ಲಿ ಹೇಳುವವರೆಗೆ ಕಾಯುವುದು ಲೇಸು. ಎರಡು ದೇಶದ ಲೆಕ್ಕಪತ್ರ ಸಣ್ಣ ತಂಡಕ್ಕೆ ಭಾರ.

ತೆರೆಯುವುದೇ ಆದರೆ 2022ರ ವಿದೇಶಿ ಹೂಡಿಕೆ ನಿಯಮ ಅನ್ವಯಿಸುತ್ತದೆ. ಹಣ ಕಳಿಸುವ ಮೊದಲು ಬ್ಯಾಂಕಿನ ಮೂಲಕ ವಿದೇಶಿ ಹೂಡಿಕೆಯ ಫಾರ್ಮ್ ಎಫ್‌ಸಿ ಕೊಟ್ಟು, ರಿಸರ್ವ್ ಬ್ಯಾಂಕಿನ ಯುಐಎನ್ (ಆ ಹೂಡಿಕೆಯ ಗುರುತಿನ ಸಂಖ್ಯೆ) ಪಡೆಯಬೇಕು. ಷೇರು ಸಿಕ್ಕ ದಾಖಲೆಯನ್ನು ಆರು ತಿಂಗಳೊಳಗೆ ಬ್ಯಾಂಕಿಗೆ ಒಪ್ಪಿಸಬೇಕು.

ಹೂಡಿಕೆಯ ಮಿತಿ ನಿಮ್ಮ ಕಂಪನಿಯ ನಿವ್ವಳ ಮೌಲ್ಯದ (ಬಂಡವಾಳದಿಂದ ನಷ್ಟ ಕಳೆದು ಉಳಿದದ್ದು) 400%. ಸ್ಟಾರ್ಟಪ್‌ಗಳು ಸಿಕ್ಕಿಕೊಳ್ಳುವುದು ಇಲ್ಲಿಯೇ. ಷೇರು ಬಂಡವಾಳ 1 ಲಕ್ಷ, ಪ್ರೀಮಿಯಂ (ಷೇರಿನ ಮುಖಬೆಲೆಗಿಂತ ಹೆಚ್ಚಾಗಿ ಬಂದ ಹಣ) 150 ಲಕ್ಷ, ಇದುವರೆಗಿನ ನಷ್ಟ 130 ಲಕ್ಷ ಎಂದರೆ ನಿವ್ವಳ ಮೌಲ್ಯ 21 ಲಕ್ಷ, ಮಿತಿ 84 ಲಕ್ಷ. ನಷ್ಟ 160 ಲಕ್ಷಕ್ಕೆ ಏರಿದರೆ ಮೌಲ್ಯ ಸೊನ್ನೆಗಿಂತ ಕೆಳಗೆ. ಬ್ಯಾಂಕಿನಲ್ಲಿ ಹಣ ಇದ್ದರೂ ರಿಸರ್ವ್ ಬ್ಯಾಂಕಿನ ವಿಶೇಷ ಅನುಮತಿ ಬೇಡದ ಸಾಮಾನ್ಯ ಮಾರ್ಗದಲ್ಲಿ ಕಳಿಸಲಾಗದು. ಕನ್ವರ್ಟಿಬಲ್ ನೋಟ್ (ಮುಂದೆ ಷೇರಾಗಿ ಬದಲಾಗಬಲ್ಲ ಸಾಲಪತ್ರ) ಮೂಲಕ ಬಂದ ಹಣ ಷೇರಾಗಿ ಬದಲಾಗುವವರೆಗೆ ಸಾಲವೇ, ಅದು ಈ ಲೆಕ್ಕಕ್ಕೆ ಬಾರದು. ಲೆಕ್ಕ ಹಿಡಿಯುವುದು ಆಡಿಟ್ ಆದ ಬ್ಯಾಲೆನ್ಸ್ ಶೀಟಿನಿಂದ; ಅದು 18 ತಿಂಗಳಿಗಿಂತ ಹಳತಾಗಿರಬಾರದು.

ಪ್ರತಿ ಡಿಸೆಂಬರ್ 31ರೊಳಗೆ ವಾರ್ಷಿಕ ವರದಿ ಸಲ್ಲಿಸಬೇಕು, ಅಲ್ಲಿ ಒಂದು ರೂಪಾಯಿ ವ್ಯವಹಾರ ನಡೆಯದಿದ್ದರೂ. ತಪ್ಪಿದರೆ ಸರಿಪಡಿಸುವವರೆಗೆ ಮುಂದಿನ ಕಂತು ಕಳಿಸಲಾಗದು. ಸಂಸ್ಥಾಪಕರು ಆನ್‌ಲೈನಿನಲ್ಲಿ ಕಾರ್ಡ್ ಉಜ್ಜಿ ತಮ್ಮ ಹೆಸರಿಗೇ ಅಮೆರಿಕದ ಡೆಲವೇರ್ ರಾಜ್ಯದಲ್ಲಿ ಕಂಪನಿ ಮಾಡಿಕೊಳ್ಳುವುದೂ ಉಂಟು. ಆ ಷೇರುಗಳೂ ವಿದೇಶಿ ಹೂಡಿಕೆಯೇ, ಅವಕ್ಕೂ ಇದೇ ಕಾನೂನು.

ಪ್ರಶ್ನೆ: ಪೇಟೆಂಟ್ ಅರ್ಜಿಯನ್ನು ಮೇಳ ಮುಗಿಸಿ ಬಂದ ಮೇಲೆ ಹಾಕಿದರಾಯಿತೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬೇಡ. ತೋರಿಸಿದ ಮೇಲೂ ಅರ್ಜಿ ಹಾಕಲು ಅಮೆರಿಕದಲ್ಲಿ 12 ತಿಂಗಳ ವಿನಾಯಿತಿ ಉಂಟು. ಯುರೋಪಿನಲ್ಲಿ ಒಮ್ಮೆ ಬಹಿರಂಗವಾಗಿ ತೋರಿಸಿದರೆ ಪೇಟೆಂಟಿಗೆ ಬೇಕಾದ ಹೊಸತನ ಹೋಯಿತು ಎಂದೇ ತಿಳಿಯಿರಿ. ಮೊದಲು ಭಾರತದಲ್ಲಿ ಅರ್ಜಿ ಹಾಕಿ, ಪ್ರಾವಿಷನಲ್ (ಪೂರ್ಣ ವಿವರ ಆಮೇಲೆ ಕೊಡುವ ತಾತ್ಕಾಲಿಕ ಅರ್ಜಿ) ಆದರೂ ಸರಿ. ನಂತರ ವಿದೇಶದಲ್ಲಿ ಹಾಕಲು 12 ತಿಂಗಳ ಕಾಲಾವಕಾಶ. ಆದರೆ ಇಲ್ಲಿ ಹಾಕಿ ಆರು ವಾರ ಕಳೆಯದೆ, ಪರವಾನಗಿಯನ್ನೂ ಪಡೆಯದೆ ಹೊರಗೆ ಹಾಕುವುದನ್ನು ಪೇಟೆಂಟ್ ಕಾಯ್ದೆಯ 39ನೇ ಕಲಂ ತಡೆಯುತ್ತದೆ.