ಅನುಕೂಲ ಇದ್ದಾಗ ನೋಡಿ

ಗಣಪತಿ ನನ್ನ ಹತ್ತಿರ ಆಪ್ತಸಲಹೆಗೆ ಬಂದದ್ದು ಆಷಾಢದ ಒಂದು ಮಧ್ಯಾಹ್ನ. (ಹೆಸರು, ಗುರುತು ಬದಲಿಸಿದ್ದೇನೆ.) ಹೊನ್ನಾವರ ಕಡೆಯ ಯಕ್ಷಗಾನದ ಮದ್ದಳೆಗಾರ, ವಯಸ್ಸು 38. ನಾಲ್ಕು ವರ್ಷದ ಹಿಂದೆ ಮೇಳ ಬಿಟ್ಟು ಬಿಡಿ ಆಟಗಳಿಗೆ ಹೋಗುತ್ತಿದ್ದಾರೆ. ಮೇಳದಲ್ಲಿ ಸಂಬಳ ಇತ್ತು, ಈಗ ಕರೆ ಬಂದರೆ ಉಂಟು, ಮಳೆಗಾಲದಲ್ಲಿ ಅದೂ ಇಲ್ಲ. ಹೆಂಡತಿಯ ಬಳೆ ಸೊಸೈಟಿಯಲ್ಲಿ ಅಡವಿದೆ, ಮಗಳ ಶಾಲೆ ಫೀಸಿಗೆ.

"ನಿದ್ದೆ ಇಲ್ಲ ಅಕ್ಕಾ" ಅಂದರು. ಬೆರಳು ಮೇಜಿನ ಮೇಲೆ ತಾಳ ಹಾಕುತ್ತಲೇ ಇದ್ದವು. ಮೊಬೈಲು ಗುರ್ ಅಂದರೆ ಸಾಕು, ತಾಳ ನಿಂತುಬಿಡುತ್ತಿತ್ತು.

ಸಾಯುವ ಯೋಚನೆ ಬರುತ್ತದಾ ಅಂತ ಮೊದಲು ಕೇಳಿದೆ. ಇಲ್ಲ ಅಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರು 14416 ಬರೆದುಕೊಟ್ಟೆ. ನಡುರಾತ್ರಿಯೂ ಸಿಗುತ್ತದೆ, ದುಡ್ಡಿಲ್ಲ.

ಅವರ ಪಕ್ಕದ ಮನೆಯವರದು ಮೀನುಗಾರಿಕೆ ಬೋಟು. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಸರ್ಕಾರದ ನಿಷೇಧ. ಬೋಟು ದಡದಲ್ಲೇ.

"ಅವರನ್ನು ಯಾರಾದರೂ ಕೆಲಸ ಇಲ್ವಾ ಅಂತ ಕೇಳ್ತಾರಾ?"

"ಅವರು ಬಲೆ ಸರಿ ಮಾಡ್ತಾ ಕೂತಿರ್ತಾರೆ."

"ನೀವು?"

"ಫೋನ್ ನೋಡ್ತಾ."

ಮುಂದಿನ ಸಲ ಡೈರಿ ತರಲು ಹೇಳಿದೆ. ವಿಮೆ ಏಜೆಂಟು ಕೊಟ್ಟ ಡೈರಿಗಳು, ಪ್ರತಿ ಆಟವೂ ಬರೆದಿಟ್ಟಿದ್ದಾರೆ. ಮೂರು ವರ್ಷ ಕೂಡಿಸಿದೆವು. ತೀರಾ ಕಡಿಮೆ ಬಂದ ವರ್ಷ 2,40,000. ತಿಂಗಳಿಗೆ 20,000 ಆಯಿತಲ್ವಾ? ಹಾಗಾದರೆ ನಿಮ್ಮ ಸಂಬಳ 18,000 ಅಂದೆ. ಬಂದದ್ದೆಲ್ಲ ಒಂದು ಖಾತೆಗೆ. ಪ್ರತಿ 5ನೇ ತಾರೀಖು ಅಲ್ಲಿಂದ 18,000 ಹೆಂಡತಿಯ ಖಾತೆಗೆ, ಜನವರಿಯಲ್ಲೂ ಅಷ್ಟೇ, ಜುಲೈಯಲ್ಲೂ ಅಷ್ಟೇ. ಮಿಕ್ಕದ್ದು ಮದ್ದಳೆಗೆ ಮುಚ್ಚಿಗೆ (ಬಾರಿಸುವ ಚರ್ಮದ ಹೊದಿಕೆ) ಹಾಕಿಸಲು, ಮೇ ತಿಂಗಳಲ್ಲೇ ಫೀಸು ಕಟ್ಟಲು. ಕೈಗೆ ಬರುವ ನಗದು ಪಿಗ್ಮಿಗೆ, ಅಂದರೆ ಮನೆಗೇ ಬಂದು ದಿನಾ ಕಟ್ಟಿಸಿಕೊಳ್ಳುವ ಉಳಿತಾಯಕ್ಕೆ. ಪಿಗ್ಮಿಯವರು ಬರುವ ಹೊತ್ತಿಗೆ ರಾತ್ರಿ ಆಟ ಮುಗಿಸಿ ಬಂದವರು ಮಲಗಿರುತ್ತಾರೆ, ಆ ಕೆಲಸ ಹೆಂಡತಿಗೇ ಬಿಟ್ಟೆವು.

ಆದರೆ ಇದೆಲ್ಲ ದೀಪಾವಳಿ ಕಳೆದು ಆಟ ಶುರುವಾದ ಮೇಲಿನ ಮಾತು. ಮಳೆಗಾಲದಲ್ಲಿ ಹಾಕಲು ದುಡ್ಡೆಲ್ಲಿ? ಈ ಪ್ರಶ್ನೆಗೆ ನನ್ನಲ್ಲೂ ಉತ್ತರ ಇರಲಿಲ್ಲ. ಸುಮ್ನೆ ಡೈರಿ ತಿರುವುತ್ತಿದ್ದೆ. 'ಬಾಕಿ', 'ಬಾಕಿ', 'ಅರ್ಧ ಬಂತು'. ಒಟ್ಟು 14 ಕಡೆ, 41,000!

"ಕೇಳಿದ್ರಾ?"

"ಹೇಗೆ ಕೇಳೋದು, ಕಲಾವಿದರಾಗಿ?"

ಆ ದಿನ ಪೂರ್ತಿ ಇದೇ ಆಯಿತು. ನಾನು ಆಟ ಆಡಿಸಿದ ಯಜಮಾನ, ಅವರು ಫೋನ್ ಮಾಡುವುದು. "ನಮಸ್ಕಾರ, ಮಾರ್ಚ್ ಆಟದ್ದು ಮೂರು ಸಾವಿರ ಬಾಕಿ ಉಂಟು..." ಅಲ್ಲಿಯವರೆಗೆ ಚೆನ್ನಾಗಿಯೇ ಬರುತ್ತಿತ್ತು. ಆಮೇಲೆ ತಾವಾಗಿಯೇ ಸೇರಿಸುತ್ತಿದ್ದರು: "ಅನುಕೂಲ ಇದ್ದಾಗ ನೋಡಿ." ಅದನ್ನು ಬಿಡಿ ಅಂದೆ. ಬದಲಿಗೆ "ಈ ವಾರ ಹಾಕ್ತೀರಾ?" ಅಂತ ಕೇಳಿ, ಬಾಯಿ ಮುಚ್ಚಿ. ಆ ಮೌನ ಅವರಿಗೆ ಬಲು ಕಷ್ಟ. ಆರನೇ ಸಲಕ್ಕೆ ಬಂತು.

ಇನ್ನೊಂದು ಮಾತು ಹೇಳಿದೆ. ಬೆಳಿಗ್ಗೆ ಒಂದು ಗಂಟೆ ಮೊಬೈಲು ಒಳಗಿಟ್ಟು ಮದ್ದಳೆ ಅಭ್ಯಾಸ, ಬೇಕಾದರೆ ಊರ ಮಕ್ಕಳಿಗೆ ಪಾಠ. ನಿಮ್ಮ ಬಲೆ ಅದು.

ಚೌತಿ ಮುಗಿದ ಮೇಲೆ ಬಂದರು. ಒಂಬತ್ತು ಜನ ಕೊಟ್ಟಿದ್ದರು, ಬಳೆ ಬಿಡಿಸಿಯಾಗಿತ್ತು. ನಾಲ್ವರು ಫೋನೇ ಎತ್ತಿಲ್ಲ. ಉಳಿದ ಒಬ್ಬರ ಹತ್ತಿರ ಮಾತ್ರ "ಅನುಕೂಲ ಇದ್ದಾಗ" ಅಂತ ಬಾಯಿಗೆ ಬಂದೇಬಿಟ್ಟಿತಂತೆ.

"ಅವರಿಗೆ ಇನ್ನೂ ಅನುಕೂಲ ಆಗ್ಲಿಲ್ಲ ಅಕ್ಕಾ" ಅಂತ ನಕ್ಕರು.