ಬಾಬಿನ್ ಲೇಸಲ್ಲಿ ಕಿಟಕಿಗೆ ನೇತುಹಾಕೋ ಅಲಂಕಾರ ಮಾಡೋದು ಹೇಗೆ? ನಂಗೆ ಕ್ರೋಶಾ ಮಾತ್ರ ಬರುತ್ತೆ

ಖಂಡಿತ ಮಾಡ್ಬಹುದು. ಬಾಬಿನ್ ಲೇಸ್ ಅಂದ್ರೆ ಬಾಬಿನ್ ಅನ್ನೋ ಸಣ್ಣ ಕಡ್ಡಿಗಳಿಗೆ ದಾರ ಸುತ್ತಿ, ದಿಂಬಿನ ಮೇಲೆ ಪಿನ್ ಚುಚ್ಚಿ ಆ ದಾರಗಳನ್ನ ಹೆಣೆದು ಮಾಡೋ ಲೇಸ್. ಕ್ರೋಶಾ ಬರೋದು ನಿಮಗೆ ಒಂದು ಕಡೆ ತುಂಬಾನೇ ಉಪಯೋಗಕ್ಕೆ ಬರುತ್ತೆ, ಅದನ್ನ ಮುಂದೆ ಹೇಳ್ತೀನಿ. ನಾನಿರೋದು ಜರ್ಮನಿಯ ಕೆಮ್ನಿಟ್ಸ್‌ನಲ್ಲಿ. ಪಕ್ಕದ ಎರ್ಜ್‌ಗೆಬಿರ್ಗೆ ಬೆಟ್ಟಗಳ ಕಡೆ ಈ ಕೆಲಸ 16ನೇ ಶತಮಾನದಿಂದ ಇದೆ, ಅನ್ನಾಬೆರ್ಗ್‌ನಲ್ಲಿ ಬಾರ್ಬರಾ ಉಟ್‌ಮನ್ ಅಂತ ಒಬ್ರು (1575ರಲ್ಲಿ ತೀರ್ಕೊಂಡ್ರು) ಎಷ್ಟೋ ಹೆಂಗಸರಿಗೆ ಇದ್ರಲ್ಲೇ ಕೆಲಸ ಕೊಟ್ಟಿದ್ರು, ಬೆಳ್ಳಿ ಗಣಿ ಆದಾಯ ಇಳಿದ್ಮೇಲೆ ತುಂಬಾ ಮನೆಗಳ ಒಲೆ ಉರಿದಿದ್ದೇ ಲೇಸಿಂದ. ನಾನು ಕಲಿತಿದ್ದೂ ಇಲ್ಲೇ ಸಂಜೆ ಕ್ಲಾಸಲ್ಲಿ.

ಒಂದು ವಿಷಯ ಮೊದ್ಲೇ ತಲೇಲಿ ಇಟ್ಕೊಳಿ. ಬಟ್ಟೆ ಅಂಚಿಗೆ ಹೊಲಿಯೋ ಲೇಸನ್ನ ಬಟ್ಟೆ ಹಿಡ್ಕೊಳತ್ತೆ, ನೇತಾಡೋ ಲೇಸನ್ನ ಹಿಡ್ಕೊಳೋಕೆ ಏನೂ ಇರಲ್ಲ. ಹಾಗಾಗಿ ಮೆತ್ತಗಿನ ಹತ್ತಿ ದಾರ ಬೇಡ, ಲಿನೆನ್ ತಗೊಳಿ, 35/2 ದಪ್ಪದ್ದು (35ನೇ ನಂಬರ್, ಎರಡೆಳೆ ದಾರ) ಶುರುವಿಗೆ ಚೆನ್ನಾಗಿರುತ್ತೆ. ಸುತ್ತ ಒಂದು ರಿಂಗ್ ಬೇಕು, ಅದಕ್ಕೆ ನಮ್ಮ ಸಣ್ಣ ಮೆಟಲ್ ಬಳೆಗಿಂತ ಒಳ್ಳೇದು ನಂಗೆ ಸಿಕ್ಕಿಲ್ಲ, 2.8 ಸೈಜ್ ಬಳೆ ಒಳಗಡೆ ಸುಮಾರು 6.3 ಸೆಂ.ಮೀ. ಬರುತ್ತೆ, ಒಂದು ಹೂವಿಗೆ ಸಾಕು.

ದಿಂಬು ಅಂದ್ರೆ ಇಲ್ಲಿ ಹುಲ್ಲು ತುಂಬಿದ ಉರುಳೆ, ನಿಮಗೆ ದಪ್ಪ ಥರ್ಮೋಕೋಲ್ ಹಲಗೆ ಮೇಲೆ ಕಾಟನ್ ಬಟ್ಟೆ ಬಿಗಿಯಾಗಿ ಸುತ್ತಿದ್ರೂ ನಡೆಯುತ್ತೆ. ಬಾಬಿನ್ ಬದ್ಲು ಮರದ ಬಟ್ಟೆ ಕ್ಲಿಪ್ಪಿಗೆ ದಾರ ಸುತ್ತಬಹುದು. ಬೇಕಾಗೋದು ಆರು ಜೊತೆ, ಅಂದ್ರೆ ಹನ್ನೆರಡು.

ಪೇಪರ್ ಮೇಲೆ ಬಳೆ ಇಟ್ಟು ಗುರುತು ಮಾಡಿ, ಒಳಗೆ ಒಂದೇ ಪಟ್ಟಿ ಆರು ಸಲ ಬಳೆ ಮುಟ್ಟಿ ಆರು ಸಲ ನಡುವಿಗೆ ಬರೋ ಹಾಗೆ ಎಸಳು ಬರೀರಿ, ಪಟ್ಟಿಯ ಎರಡೂ ಅಂಚಲ್ಲಿ ಪಿನ್ ಚುಕ್ಕಿ. ಈ ಪೇಪರನ್ನೂ ಅದರ ಮೇಲೆ ಬಳೆನೂ ದಿಂಬಿಗೆ ಸಿಗಿಸಿ, ಪಟ್ಟಿ ಶುರುವಾಗೋ ಕಡೆ ಪಿನ್‌ಗಳಿಗೆ ಜೊತೆಗಳನ್ನ ನೇತುಹಾಕಿ. ಹೆಣೆಯೋಕೆ ಇರೋದು ಎರಡೇ ಚಲನೆ, ಪ್ರತಿ ಸಲ ನಾಲ್ಕು ದಾರ ಕೈಲಿರುತ್ತೆ, ಎಡದಿಂದ ಎಣಿಸಿ: ಎರಡನೇದು ಮೂರನೇದರ ಮೇಲೆ ಹೋದ್ರೆ ಕ್ರಾಸ್, ಎರಡನೇದು ಒಂದನೇದರ ಮೇಲೆ ಮತ್ತೆ ನಾಲ್ಕನೇದು ಮೂರನೇದರ ಮೇಲೆ ಹೋದ್ರೆ ಟ್ವಿಸ್ಟ್. ಕ್ರಾಸ್-ಟ್ವಿಸ್ಟ್-ಕ್ರಾಸ್ ಮಾಡಿದ್ರೆ ನೇಯ್ದ ಬಟ್ಟೆ ಥರಾನೇ ಬರುತ್ತೆ. ಒಂದು ಜೊತೆ ಮಾತ್ರ ಅಡ್ಡಡ್ಡ ಓಡಾಡ್ತಿರುತ್ತೆ, ಉಳಿದ ಐದು ಉದ್ದಕ್ಕೆ ಸುಮ್ನೆ ಹೋಗ್ತಿರುತ್ವೆ, ಅಂಚಿಗೆ ಬಂದಾಗ ಪಿನ್ ಚುಚ್ಚಿ ವಾಪಸ್ ತಿರುಗೋದು. ತಿರುವಲ್ಲಿ ಒಳಗಿನ ಅಂಚಲ್ಲಿ ಜಾಗ ಕಮ್ಮಿ ಇರೋದ್ರಿಂದ ಅದೇ ಪಿನ್‌ಗೆ ಎರಡ್ಮೂರು ಸಲ ಬಂದ್ಹೋಗ್ಬೇಕು, ಇಲ್ಲಾಂದ್ರೆ ಅಲ್ಲಿ ದಾರ ಗುಡ್ಡೆ ಆಗುತ್ತೆ.

ಇನ್ನು ನಿಮ್ಮ ಕ್ರೋಶಾ ಕಡ್ಡಿ. ಪಟ್ಟಿ ಬಳೆ ಹತ್ರ ಬಂದಾಗ ಸಣ್ಣ ಕಡ್ಡಿನ (0.6 ಮಿ.ಮೀ. ಇದ್ರೆ ಬೆಸ್ಟ್) ಹೊರಗಿಂದ ಬಳೆ ಕೆಳಗೆ ತೂರಿಸಿ, ಓಡಾಡೋ ಜೊತೆಯ ಒಂದು ದಾರ ಕೊಕ್ಕೆಗೆ ಸಿಗಿಸಿ ಕುಣಿಕೆಯಾಗಿ ಆಚೆ ಎಳೀರಿ, ಅದೇ ಜೊತೆಯ ಇನ್ನೊಂದು ಬಾಬಿನ್ ಬಳೆ ಮೇಲಿಂದ ತಂದು ಆ ಕುಣಿಕೆ ಒಳಗೆ ದಾಟಿಸಿ ನಿಧಾನಕ್ಕೆ ಬಿಗಿ ಮಾಡಿ. ನಡುವಲ್ಲಿ ಎಸಳು ಎಸಳು ಸೇರೋ ಕಡೆನೂ ಇದೇ ರೀತಿ, ಬಳೆ ಬದ್ಲು ಹಳೇ ಪಿನ್ ತೂತು. ಈ ಬಿಗೀಲೇ ಇಡೀ ಪೀಸಿನ ಜೀವ ಇರೋದು, ಜಾಸ್ತಿ ಎಳೆದ್ರೆ ಹೂವು ಒಂದು ಕಡೆಗೆ ಸೊಟ್ಟ ಆಗುತ್ತೆ, ಸಡಿಲ ಬಿಟ್ರೆ ಜೋತುಬೀಳುತ್ತೆ.

ಮುಗಿದ್ಮೇಲೆ ಪ್ರತಿ ಜೊತೆನ ಶುರುವಿನ ಅಂಚಿಗೆ ಸೇರಿಸಿ ಗಂಟು ಹಾಕಿ ಕತ್ತರಿಸಿ. ಪಿನ್ ತಕ್ಷಣ ಕೀಳ್ಬೇಡಿ, ಸೀರೆಗೆ ಹಾಕೋ ಗಂಜಿನೇ ತೆಳ್ಳಗೆ ಮಾಡಿ ಬ್ರಷ್ಷಲ್ಲಿ ಸವರಿ ಒಂದಿನ ಹಾಗೇ ಬಿಡಿ. ಪಿನ್ ಮಾತ್ರ ತುಕ್ಕು ಹಿಡೀದೇ ಇರೋ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲಿಂದೇ ಇರ್ಲಿ, ಒದ್ದೆ ಲಿನೆನ್‌ಗೆ ತುಕ್ಕಿನ ಕಲೆ ಹತ್ತಿದ್ರೆ ಹೋಗಲ್ಲ.