ನಿದ್ದೆ ಬಂದ ಹಾಗೆ ಮಲಗುತ್ತಿದ್ದ ಹೆಂಡತಿ

ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಮಿಲಿಟರಿಯವರ ಮನೆಯಿಂದ ಬರುವ ದೂರು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಅವರು ರಜೆಗೆ ಬಂದ ಮೊದಲ ವಾರ ಮನೆಯಲ್ಲಿ ಹಬ್ಬ. ಎರಡನೇ ವಾರಕ್ಕೆ ಚಪ್ಪಲಿ ಯಾಕೆ ಸಾಲಾಗಿಲ್ಲ, ಮಗು ಐದು ಗಂಟೆಗೆ ಯಾಕೆ ಏಳಲ್ಲ, ಹಾಲಿನ ದುಡ್ಡು ಎಲ್ಲಿ ಹೋಯಿತು ಅಂತ ಶುರುವಾಗುತ್ತದೆ. ಮೂರನೇ ವಾರಕ್ಕೆ 'ಇವರು ಯಾವಾಗ ವಾಪಸ್ ಹೋಗ್ತಾರಪ್ಪಾ' ಅಂತ ಹೆಂಡತಿಗೆ ಅನಿಸುತ್ತದೆ. ಹಾಗೆ ಅನಿಸಿತಲ್ಲ ಅಂತ ಸಂಕಟ ಬೇರೆ. ಬೆಳಗಾವಿ, ಬಾಗಲಕೋಟೆ, ಧಾರವಾಡದ ಕಡೆ ಸೈನ್ಯಕ್ಕೆ ಹುಡುಗರನ್ನು ಕಳಿಸಿದ ಊರುಗಳು ಎಷ್ಟೋ ಇವೆ. ಹಾಗಾಗಿ ಈ ದೂರು ನನಗೆ ಹೊಸದಲ್ಲ.

ಇಲ್ಲಿ ಬರೆಯುತ್ತಿರುವ ಪ್ರಕರಣವೂ ಹಾಗೇ ಶುರುವಾಯಿತು, ಆದರೆ ನಡುವೆ ದಾರಿ ಬದಲಿಸಿತು. ಆಮೇಲೆ ಬಂದ ಬೇರೆ ಮನೆಗಳಲ್ಲೂ ನಾನು ಅದೇ ಪ್ರಶ್ನೆ ಕೇಳಿದೆ, ಅದೇ ಉತ್ತರ ಸಿಕ್ಕಿತು. ಅದಕ್ಕೇ ಬರೆಯಬೇಕು ಅನಿಸಿತು. ಊರು, ವಯಸ್ಸು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ.

ಗಂಡನಿಗೆ ಮೂವತ್ತರ ಆಸುಪಾಸು. ಸಿಯಾಚಿನ್‌ನ ಎತ್ತರದ ಪೋಸ್ಟೊಂದರಲ್ಲಿ ಮೂರು ತಿಂಗಳು ಇದ್ದು, ಕೆಳಗಿಳಿದು, ಯುನಿಟ್‌ನಲ್ಲಿ ಸ್ವಲ್ಪ ದಿನ ಕಳೆದು, ವಾರ್ಷಿಕ ರಜೆ ಮೇಲೆ ಊರಿಗೆ ಬಂದಿದ್ದರು. ಮನೆಯಲ್ಲಿ ಹೆಂಡತಿ, ಎರಡನೇ ಕ್ಲಾಸಿನ ಮಗಳು, ವಯಸ್ಸಾದ ತಾಯಿ, ಎರಡು ಎಮ್ಮೆ. ಹೆಂಡತಿ ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತಾರೆ, ಸ್ಕೂಟಿ ಕಲಿತಿದ್ದಾರೆ, ಡೈರಿಗೆ ಹಾಲು ತಾವೇ ಹಾಕಿ ಬರುತ್ತಾರೆ. ಗಂಡ ಇಲ್ಲದಾಗ ಮನೆ ಅವರ ಕೈಯಲ್ಲಿ ಚೆನ್ನಾಗಿಯೇ ನಡೆದಿತ್ತು.

ಇಬ್ಬರೂ ಒಟ್ಟಿಗೆ ಬಂದರೂ ನಾನು ಮೊದಲು ಹೆಂಡತಿಯನ್ನು ಒಬ್ಬರೇ ಕೂರಿಸಿ ಮಾತಾಡಿಸುತ್ತೇನೆ. ಇದರಲ್ಲಿ ನನ್ನದು ಹಟ ಅಂತಲೇ ಇಟ್ಟುಕೊಳ್ಳಿ. ಹೊಡೆತ ಬಡಿತ ಇದೆಯಾ, ಹೆದರಿಸುವುದು ಇದೆಯಾ ಅಂತ ಗಂಡನ ಎದುರು ಕೇಳಿದರೆ ಯಾರೂ ಹೇಳುವುದಿಲ್ಲ. ಅದು ಇದ್ದರೆ ಈ ಲೇಖನದ ಯಾವ ಸಲಹೆಯೂ ಲೆಕ್ಕಕ್ಕಿಲ್ಲ. ಆಗ ಹೆಂಗಸಿನ ಸುರಕ್ಷತೆ ಮೊದಲು, ಸಂಸಾರದ ಮಾತು ಆಮೇಲೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಇಲ್ಲಿ ಹೊಡೆತ ಇರಲಿಲ್ಲ. ಆದರೆ ಆಕೆ ಹೆದರಿದ್ದರು. ಎರಡು ಮೂರು ಸಲ ಕೇಳಿದ ಮೇಲೆ ಹೇಳಿದರು: "ರಾತ್ರಿ ಎಚ್ಚರ ಆದ್ರ ಇವ್ರು ನನ್ನ ಮುಖದ ಮ್ಯಾಲೆ ಬಾಗಿ ನಿಂತಿರ್ತಾರ್ರಿ. ಮೂಗಿನ ಹತ್ರ ಕೈ ಹಿಡಿದಿರ್ತಾರ. ಒಂದ್ಸಲ ಅಲ್ರಿ, ರಾತ್ರಿಗೆ ಎರಡ್ ಮೂರ್ ಸಲ. ನನ್ ಮ್ಯಾಲೆ ಏನೋ ಸಂಶಯ ಬಂದೈತಿ ಇವ್ರಿಗೆ."

ಸಂಶಯ ಅಂತ ಅವರಿಗೆ ಅನಿಸಲು ಕಾರಣವೂ ಇತ್ತು. ಆಕೆ ತಮ್ಮ ಫೋನಿಗೆ ಹೊಸ ಲಾಕ್ ಹಾಕಿಕೊಂಡಿದ್ದರು. ಸಂಘದ ಮೀಟಿಂಗಿಗೆ ಹೋಗಿ ಬರುವಾಗ ತಡವಾಗುತ್ತಿತ್ತು. ಓಣಿಯಲ್ಲಿ ಯಾರೋ ಏನೋ ಅಂದಿದ್ದರಂತೆ. ಅತ್ತೆಯೂ "ಮಗ ಬಂದಾನ, ಇನ್ನ ರೊಕ್ಕದ ಲೆಕ್ಕ ಅವನ ಕೈಗೆ ಕೊಡು" ಅಂತ ದಿನಾ ಒಂದೇ ಸಮ. ಎಲ್ಲ ಸೇರಿ ಆಕೆಯ ತಲೆಯಲ್ಲಿ ಒಂದೇ ಕಥೆಯಾಗಿತ್ತು.

ಮುಂದಿನ ಭೇಟಿಯಲ್ಲಿ, ಆಕೆಯ ಒಪ್ಪಿಗೆ ತಗೊಂಡು, ಇಬ್ಬರನ್ನೂ ಕೂರಿಸಿ ಗಂಡನನ್ನು ನೇರವಾಗಿ ಕೇಳಿದೆ. ರಾತ್ರಿ ಎದ್ದು ಏನು ನೋಡ್ತೀರಿ?

ಅವರು ಕೂತಿದ್ದ ರೀತಿ ಹೇಳಬೇಕು. ಬೆನ್ನು ನೆಟ್ಟಗೆ, ಎರಡೂ ಅಂಗೈ ತೊಡೆಯ ಮೇಲೆ, ಕಣ್ಣು ನನ್ನ ಹಿಂದಿನ ಗೋಡೆಯ ಮೇಲೆ. ಬಲಗೈಯ ಎರಡು ಬೆರಳ ತುದಿಯ ಚರ್ಮ ಬೇರೆ ಬಣ್ಣಕ್ಕೆ ತಿರುಗಿತ್ತು. ಚಳಿಗೆ ಸುಟ್ಟ ಗುರುತು. ಮಾತಾಡುವಾಗ ಅದನ್ನು ಹೆಬ್ಬೆರಳಿನಿಂದ ಉಜ್ಜುತ್ತಲೇ ಇದ್ದರು.

"ಉಸಿರ ಆಡಾಕತ್ತೈತೋ ಇಲ್ಲೋ ನೋಡ್ತೀನ್ರಿ ಮೇಡಂ."

ಹೆಂಡತಿ ತಟ್ಟನೆ ಅವರ ಕಡೆ ತಿರುಗಿದರು.

"ಅಲ್ಲೆ ಡ್ಯೂಟಿ ಬದಲಾದಾಗ ಮಲಗಿದವ್ರನ್ನ ಒಂದ್ಸಲ ನೋಡೇ ಬರ್ತಿದ್ವಿರಿ. ಯಾರರ ಕೆಮ್ಮಿದ್ರ, ಎದಿಯಾಗ ಗುರ್ ಗುರ್ ಸಪ್ಪಳ ಬಂದ್ರ ಎಬ್ಬಸಬೇಕು. ನಂದೂ ಒಬ್ಬ ದೋಸ್ತ ನೋಡತಿದ್ದ. ಒಮ್ಮೆ ನಾ ನೋಡಿ ಬಂದಿದ್ದೆ, ಸುಮ್ನ ಮಲಗ್ಯಾನ ಅಂತ ಅನ್ಕೊಂಡೆ. ಆಮ್ಯಾಲೆ..."

ಅಲ್ಲಿಗೆ ನಿಲ್ಲಿಸಿದರು. ನಾನು ಮುಂದೆ ಕೇಳಲಿಲ್ಲ.

ಸಿಯಾಚಿನ್ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. 1984ರ ಏಪ್ರಿಲ್‌ನಲ್ಲಿ ಅದನ್ನು ಹಿಡಿತಕ್ಕೆ ತಗೊಂಡ ಸೇನಾ ಕಾರ್ಯಾಚರಣೆ, ಆಪರೇಷನ್ ಮೇಘದೂತ್, ನಡೆದಾಗಿನಿಂದ ನಮ್ಮ ಸೈನಿಕರು ಆ ಹಿಮನದಿಯ ಮೇಲಿದ್ದಾರೆ. ಅಲ್ಲಿ ಗುಂಡಿಗಿಂತ ಹವಾಮಾನಕ್ಕೆ ಬಲಿಯಾದವರೇ ಜಾಸ್ತಿ. ಪಾಕಿಸ್ತಾನದ ಜೊತೆಗಿನ 2003ರ ಕದನವಿರಾಮದ ನಂತರವಂತೂ ಶತ್ರು ಅಂದರೆ ಹಿಮ ಮತ್ತು ಎತ್ತರವೇ. ಆ ಎತ್ತರದಲ್ಲಿ ಕೆಮ್ಮು, ಸುಸ್ತು ಅಂತ ಮಲಗಿದವನ ಶ್ವಾಸಕೋಶದಲ್ಲಿ ಕೆಲವೇ ಗಂಟೆಗಳಲ್ಲಿ ನೀರು ತುಂಬಿಕೊಳ್ಳಬಹುದು. ರಾತ್ರಿ ಹೊತ್ತು ಇದು ಹೆಚ್ಚು. ಆಮ್ಲಜನಕ ಕೊಟ್ಟು ಬೇಗ ಕೆಳಗಿಳಿಸಬೇಕು, ಇಳಿಸಲು ಹೆಲಿಕಾಪ್ಟರ್ ಬರಬೇಕು, ಹೆಲಿಕಾಪ್ಟರ್ ಬರಲು ಹವಾ ಒಪ್ಪಬೇಕು. ಅಂಥ ಕಡೆ ಪಕ್ಕದವನ ಉಸಿರು ನೋಡುವುದು ಖಾಯಿಲೆಯಲ್ಲ, ಡ್ಯೂಟಿ. ನಮ್ಮ ಕಡೆಯವರಿಗೆ ಇದನ್ನು ಜಾಸ್ತಿ ಹೇಳಬೇಕಾಗಿಲ್ಲ. 2016ರ ಫೆಬ್ರವರಿಯಲ್ಲಿ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕರು, ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಹೆಸರು ಕೇಳಿದರೆ ಇಲ್ಲಿನ ತಾಯಂದಿರು ಈಗಲೂ ಮಾತು ನಿಲ್ಲಿಸುತ್ತಾರೆ.

ಮತ್ತೆ ಆ ಕೋಣೆಗೆ ಬರೋಣ. ಸ್ವಲ್ಪ ಹೊತ್ತು ಬಿಟ್ಟು ಹೆಂಡತಿ ಹೇಳಿದ ಮಾತು ಇದು:

"ನಾ ನಿದ್ದಿ ಬಂದಂಗ ಬಿದ್ಕೊಂಡಿರ್ತಿದ್ದೆರಿ. ಅಲುಗಾಡಿದ್ರ ಏನಂತಾರೋ ಅಂತ ಉಸಿರ ಬಿಗಿ ಹಿಡಿತಿದ್ದೆ."

ಗಂಡ ಮೊದಲ ಸಲ ಗೋಡೆ ಬಿಟ್ಟು ಅವರ ಮುಖ ನೋಡಿದರು. "ಹೌದನ? ಅದಕ್ಕ ನಂಗ ಗೊತ್ತಾಗ್ತಿರಲಿಲ್ಲ. ಅದಕ್ಕ ಇನ್ನೂ ಹತ್ರ ಬಾಗ್ತಿದ್ದೆ."

ಅವರು ಬಾಗಿದಷ್ಟೂ ಇವರು ಉಸಿರು ಹಿಡಿಯುವುದು, ಇವರು ಉಸಿರು ಹಿಡಿದಷ್ಟೂ ಅವರು ಬಾಗುವುದು. ವಾರಗಟ್ಟಲೆ ಇದೇ ನಡೆದಿತ್ತು. ಆಕೆಗೆ ನಗು ಬಂತು, ನಗುತ್ತಲೇ ಅತ್ತುಬಿಟ್ಟರು. ಗಂಡನಿಗೆ ಏನು ಮಾಡಬೇಕು ಅಂತ ತೋಚದೆ ನನ್ನ ಟೇಬಲ್ ಮೇಲಿದ್ದ ನೀರಿನ ಬಾಟಲಿ ಎತ್ತಿ ಅವರಿಗೆ ಕೊಟ್ಟರು.

ಈಗ ನಾನು ಕೊಟ್ಟ ಸಲಹೆ, ಮತ್ತು ಅದಕ್ಕೆ ಬಂದ ಆಕ್ಷೇಪ.

ಎದ್ದು ನೋಡುವುದನ್ನು ನಾಳೆಯಿಂದಲೇ ನಿಲ್ಲಿಸಿ ಅಂತ ನಾನು ಹೇಳಲಿಲ್ಲ. ನೋಡಿದಾಗಲೆಲ್ಲ ಸ್ವಲ್ಪ ಹೊತ್ತು ಸಮಾಧಾನ ಸಿಗುತ್ತದೆ, ಆದರೆ 'ನಾನು ನೋಡಿದ್ದಕ್ಕೇ ಇವರು ಬದುಕಿದ್ದಾರೆ' ಅಂತ ಮನಸ್ಸು ಕಲಿಯುತ್ತಾ ಹೋಗುತ್ತದೆ. ಆದ್ದರಿಂದ ಕಮ್ಮಿ ಮಾಡಲೇಬೇಕು. ಆದರೆ ಹಂತಹಂತವಾಗಿ. ಮಲಗುವ ಮುಂಚೆ ಒಂದು ಸಲ, ದೀಪ ಇರುವಾಗ, ಹೆಂಡತಿಗೆ ಗೊತ್ತಿದ್ದೇ ಬಾಗಿಲು, ಮಗಳು, ತಾಯಿ ಎಲ್ಲರನ್ನೂ ನೋಡಿ ಬನ್ನಿ. ನಡುರಾತ್ರಿ ಎಚ್ಚರವಾದರೆ ಮಂಚದ ಹತ್ತಿರ ಬೇಡ. ಅಂಗಳಕ್ಕೆ ಹೋಗಿ, ಮುಖ ತೊಳೆಯಿರಿ, ಐದು ನಿಮಿಷ ಕೂರಿ. ಆಮೇಲೂ ಆಗದಿದ್ದರೆ ಹೆಸರು ಹಿಡಿದು ಮೆಲ್ಲಗೆ ಕರೆಯಿರಿ. ಮುಂದಿನ ವಾರ ಐದು ನಿಮಿಷ ಹತ್ತಾಗಲಿ. ಹೆಂಡತಿಗೆ ಹೇಳಿದ್ದು ಇಷ್ಟೇ: ನಿದ್ದೆಯ ನಾಟಕ ಬೇಡ. ಕರೆದರೆ "ಅದೀನ್ರಿ, ಮಲ್ಕೋರಿ" ಅನ್ನಿ.

ನಮ್ಮ ಕ್ಷೇತ್ರದ ಸ್ನೇಹಿತೆಯೊಬ್ಬರು ಇದನ್ನು ಕೇಳಿ ಒಪ್ಪಲಿಲ್ಲ. ಹೆಂಡತಿ ಹಾಗೆ ಉತ್ತರ ಕೊಡುವುದೂ ಒಂದು ಥರ ಚೆಕ್ಕಿಂಗ್‌ಗೆ ಸಹಾಯ ಮಾಡಿದ ಹಾಗಲ್ವಾ ಅಂದರು. ಪುಸ್ತಕದ ಪ್ರಕಾರ ಅವರ ಮಾತು ಸರಿ. ಆದರೆ ನನಗೆ ಮೊದಲು ಬೇಕಿದ್ದದ್ದು ಆಕೆ ಆ ಮನುಷ್ಯನಿಗೆ ಹೆದರುವುದು ನಿಲ್ಲಬೇಕು ಅನ್ನುವುದು. ಕತ್ತಲಲ್ಲಿ ಇಬ್ಬರೂ ಬಾಯಿ ಬಿಟ್ಟು ಮಾತಾಡಿದರೆ ಅದು ಆಗುತ್ತದೆ. ಉತ್ತರ ಕೊಡುವುದನ್ನು ಮೂರನೇ ವಾರದಿಂದ ಬಿಡಿಸಿದೆವು.

ಇನ್ನೊಂದು ಆಕ್ಷೇಪ: ಆ ದೋಸ್ತನ ವಿಷಯ ಯಾಕೆ ಬಿಡಿಸಿ ಕೇಳಲಿಲ್ಲ? 'ಎಲ್ಲ ಹೇಳಿಕೊಂಡರೆ ಮನಸ್ಸು ಹಗುರ' ಅಂತ ಎಲ್ಲರೂ ನಂಬಿದ್ದಾರೆ. ನಾನು ಅಷ್ಟು ನಂಬುವುದಿಲ್ಲ. ರಜೆ ಮುಗಿಯಲು ಕೆಲವೇ ವಾರ ಇತ್ತು. ಅಂಥ ಗಾಯ ತೆರೆದರೆ ಅದರ ಜೊತೆ ಕೂರಲು ಸಮಯ ಬೇಕು. ಅರ್ಧ ತೆರೆದು ರೈಲು ಹತ್ತಿಸುವುದು ನ್ಯಾಯವಲ್ಲ. ಯಾವತ್ತು ಹೇಳಬೇಕು ಅನಿಸುತ್ತದೋ ಅವತ್ತು, ಯಾರ ಹತ್ತಿರ ಹೇಳಬೇಕು ಅನಿಸುತ್ತದೋ ಅವರ ಹತ್ತಿರ ಹೇಳಿ ಅಂದೆ. ಕಟ್ಟೆ ಮೇಲೆ ಕೂತು "ಅಲ್ಲೆ ಎಷ್ಟ್ ಮಂದಿನ್ನ ಹೊಡದಿಯೋ?" ಅಂತ ಕೇಳುವವರಿಗೆ "ಛಳಿ ಭಾಳ ಇತ್ತು" ಅಂದರೆ ಸಾಕು.

ಅತ್ತೆಯವರ ಆಕ್ಷೇಪ ಲೆಕ್ಕದ ಪುಸ್ತಕದ್ದು. ಹೆಂಡತಿ ಲೆಕ್ಕ ಗಂಡನ ಕೈಗೆ ಕೊಡಬೇಕಾಗಿಲ್ಲ ಅಂತ ನಾನು ಹೇಳಿದೆ. ಗಂಡಸನ್ನು ಮನೆಯಲ್ಲಿ ಸಣ್ಣವನನ್ನಾಗಿ ಮಾಡ್ತೀರಾ ಅಂತ ಅವರು ಕೇಳಿದರು. ಇಲ್ಲ ಅಮ್ಮ. ಎರಡು ತಿಂಗಳಿಗೆ ಬಂದವರಿಗೆ ಇಡೀ ಮನೆ ಒಪ್ಪಿಸಿ, ಅವರು ಹೋಗುವಾಗ ವಾಪಸ್ ತಗೊಂಡರೆ ಎರಡು ಸಲ ಮನೆ ಅಲ್ಲಾಡುತ್ತದೆ. ಅದರ ಬದಲು ದಿನಾ ಮಾಡುವ ಒಂದು ಕೆಲಸ ಅವರದ್ದೇ ಆಗಿರಲಿ. ಇವರು ಆರಿಸಿಕೊಂಡದ್ದು ಬೆಳಿಗ್ಗೆ ಎಮ್ಮೆಯ ಕೆಲಸ ಮತ್ತು ಮಗಳನ್ನು ಶಾಲೆಗೆ ಬಿಡುವುದು. ಮಗಳು ಯಾವ ಸೆಕ್ಷನ್ ಅನ್ನುವುದು ಮೊದಲೆರಡು ದಿನ ಮರೆತು ಬೇರೆ ಕ್ಲಾಸಿನ ಮುಂದೆ ನಿಂತಿದ್ದರಂತೆ. ಹೆಂಡತಿಗೆ ಕೋಪ. ಅಷ್ಟು ಎತ್ತರದಲ್ಲಿ ತಿಂಗಳುಗಟ್ಟಲೆ ಇದ್ದವರಿಗೆ ನಿದ್ದೆ, ಹಸಿವು, ನೆನಪಿನ ಶಕ್ತಿ ಎಲ್ಲವೂ ಏರುಪೇರಾಗುವುದುಂಟು, ಅಸಡ್ಡೆ ಅಂದುಕೊಳ್ಳಬೇಡಿ ಅಂತ ವಿವರಿಸಬೇಕಾಯಿತು.

ಇವರು ಡಾಕ್ಟರ ಹತ್ತಿರ ಹೋಗದೆ ನನ್ನ ಬಳಿ ಬಂದದ್ದಕ್ಕೂ ಒಂದು ಕಾರಣ ಇತ್ತು. "ಪೇಪರ್ ಮ್ಯಾಲೆ ಬಂದ್ರ ಕೆಟಗರಿ ಹೋಗತೈತ್ರಿ." ಮೆಡಿಕಲ್ ಕೆಟಗರಿ, ಅಂದರೆ ಸೈನಿಕನ ಆರೋಗ್ಯಕ್ಕೆ ಸೈನ್ಯ ಕೊಡುವ ದರ್ಜೆ, ಇಳಿದರೆ ಪ್ರಮೋಷನ್ನಿಗೆ ತೊಂದರೆ ಅನ್ನುವ ಭಯ ಸುಳ್ಳಲ್ಲ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೂ ಕೆಲವಕ್ಕೆ ಆಪ್ತಸಲಹೆ ಸಾಲದು. ಒಂದು ತಿಂಗಳಾದರೂ ಕೆಟ್ಟ ಕನಸು ಬಿಡದಿದ್ದರೆ, ಕ್ಯಾಂಟೀನ್ ರಮ್ ಇಲ್ಲದೆ ನಿದ್ದೆ ಬರದಿದ್ದರೆ, 'ಅವನ ಬದಲು ನಾನೇ ಹೋಗಬೇಕಿತ್ತು' ಅನ್ನುವ ಮಾತು ಬಾಯಲ್ಲಿ ಬಂದರೆ, ಮನೋವೈದ್ಯರನ್ನು ಕಾಣಲೇಬೇಕು. ಮನೆಯಲ್ಲಿ ಬಂದೂಕು ಇದ್ದರೆ ಅವತ್ತೇ ಬೇರೆ ಕಡೆ ಇಡಿಸಬೇಕು. ಧಾರವಾಡದಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ತಾಲ್ಲೂಕು ಆಸ್ಪತ್ರೆಗಳ ಮನೋಚೈತನ್ಯ ಕ್ಲಿನಿಕ್‌ನಲ್ಲಿ ಮಂಗಳವಾರ ಮನೋವೈದ್ಯರು ಸಿಗುತ್ತಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಈ ಪಟ್ಟಿಯನ್ನು ಗಂಡನಿಗಿಂತ ಹೆಂಡತಿಯ ಕೈಗೇ ನಾನು ಜಾಸ್ತಿ ಕೊಡುವುದು. ಯಾಕೆಂದರೆ ಫೋನ್ ಮಾಡುವವರು ಅವರೇ.

ಇವರು ಡ್ಯೂಟಿಗೆ ವಾಪಸ್ ಹೋಗುವ ಹೊತ್ತಿಗೆ ರಾತ್ರಿ ಏಳುವುದು ಪೂರ್ತಿ ನಿಂತಿರಲಿಲ್ಲ. ಎದ್ದರೂ ಅಂಗಳದಲ್ಲಿ ಕೂತು, ಸುಮ್ನೆ ಬಂದು ಮಲಗುವ ದಿನಗಳು ಜಾಸ್ತಿಯಾಗಿದ್ದವು. ಈಗ ಅವರಿಗೆ ಪೀಸ್ ಪೋಸ್ಟಿಂಗ್, ಅಂದರೆ ಗಡಿಯಿಂದ ದೂರದ ಶಾಂತ ಜಾಗದಲ್ಲಿ ಡ್ಯೂಟಿ. ಮೊನ್ನೆ ಆಕೆ ಫೋನ್ ಮಾಡಿದ್ದರು. ಮುಂದಿನ ರಜೆಗೆ ಬಂದ ಮಾರನೇ ದಿನವೇ ಹರಕೆ ತೀರಿಸಲು ಎಲ್ಲಮ್ಮನ ಗುಡ್ಡಕ್ಕೆ ಹೋಗಬೇಕು, ಬೀಗರನ್ನೆಲ್ಲ ಕರೆಯಬೇಕು ಅಂತ ಅತ್ತೆ ಹೊರಟಿದ್ದರಂತೆ. "ಮೊದಲನೇ ವಾರ ಯಾರೂ ಬ್ಯಾಡ, ಎರಡನೇ ವಾರ ಹೋಗೂಣು" ಅಂತ ತಾನೇ ಹೇಳಿ ಒಪ್ಪಿಸಿದ್ದಾಗಿ ಹೇಳಿದರು. ಒಪ್ಪಿಸಲು ಎರಡು ದಿನ ಹಿಡಿಯಿತಂತೆ.